ಗುಳೇದಗುಡ್ಡದ ಖಣದ ಬಸ್ಯಾ ಅರಿಜೋನಾದಾಗ ನೀರು ಹುಡುಕಿದ್ದು

ಬಸ್ಯಾ ಅಂದ್ರ ನಮ್ಮ ಮನಿ ಮ್ಯಾಸ್ಕಾಟ್. ಒಂದು ಗೇಣುದ್ದದ ಅರಿವಿ ಎತ್ತು. ಮಣ್ಣೆತ್ತಿನ ಅಮಾಸಿಗೆ ಮಾಡೋ ಮಣ್ಣೆತ್ತನ್ನ ಬ್ಯಾಗಿನ್ಯಾಗ ಒಯ್ದ್ರ ಒಡೀತಾವ ಅಂತ ನಮ್ಮವ್ವ ಗುಳೇದಗುಡ್ಡದ ಖಣದ ತುಂಡಿನಾಗ ಮೈ ಹೊಲದು, ಹಳೇ ಇಳಕಲ್ ಸೀರಿಯ ಕೆಂಪು ಸೆರಗು ಕತ್ತರಿಸಿ ಬೆನ್ನ ಮ್ಯಾಲ ಜೂಲಾ ಹಾಕಿ, ಕೊಳ್ಳಾಗ ಒಂದು ಸಣ್ಣ ಗೆಜ್ಜಿ ಕಟ್ಟಿ ಕೊಟ್ಟಾಳ, ಮನ್ಯಾಗ ಯಾರು ದೂರ ಊರಿಗೆ ಹೋದ್ರೂ ಬಸ್ಯಾ ಅವರ ಸಂಗಾಟ ಹೋಗ್ತಾನ, ಹೋದಲ್ಲೆಲ್ಲಾ ಅಂವನ ಫೋಟೋ ಬರಬೇಕು, ಇದು ನಮ್ಮ ಮನಿ ಕಾನೂನು. ಬಾದಾಮಿ, ಪಟ್ಟದಕಲ್ಲು, ಕೂಡಲಸಂಗಮ ಎಲ್ಲಾ ಮುಗಿಸಿದ್ದ. ಈ ಸಲ ಅಣ್ಣ ವೈನಿ ಫೀನಿಕ್ಸಿಗೆ ಕರದ್ರು, ಯುಗಾದಿ ಹೊತ್ತಿಗೆ ನಾನು ಹೊಂಟೆ, ಅಂವಾ ಜಾಕೆಟ್ ಕಿಸೆದಾಗ ಹೊಂಟ.

ಬಾಗಲಕೋಟೆ ನವನಗರದಾಗ ನಮ್ಮಕ್ಕನ ಮಕ್ಕಳು, ಓಣಿ ಹುಡುಗ್ರು ಎಲ್ಲಾ ಸೇರಿ ಒಂದು ವಾಟ್ಸಾಪ್ ಗ್ರೂಪ್, ಅದ್ರಾಗ ದಿನಾ ಫೋಟೋ ಹಾಕಬೇಕು. ಅರಿಜೋನಾ ನಮಗಿಂತ ಹನ್ನೆರಡೂವರೆ ತಾಸು ಹಿಂದ, ಅಲ್ಲಿ ಸಂಜಿ ಏಳಕ್ಕ ಕಳಿಸಿದ್ರ ಇಲ್ಲಿ ಮರುದಿನ ಮುಂಜಾನೆ ಏಳೂವರಿಗೆ ಹುಡುಗ್ರು ಚಹಾ ಕುಡ್ಕೋಂತ ನೋಡ್ತಿದ್ರು. ಮೊದಲ ಫೋಟೋಕ್ಕೇ ಅಕ್ಕನ ಸಣ್ಣ ಮಗ ವಾಯ್ಸ್ ಮೆಸೇಜ್ ಹಾಕಿದ, "ಚಿಗವ್ವ, ಅದು ಮರಭೂಮಿ ಐತೆಂತಲ್ಲ, ಬಸ್ಯಾ ಅಲ್ಲಿ ನೀರು ಎಲ್ಲಿ ಕುಡೀತಾನ?" ಎತ್ತಿನ ಮನ್ಯಾಗ ಬೆಳದ ಹುಡುಗ ಕೇಳೋ ಪ್ರಶ್ನೀನ ಅದು. ಆದ್ರ ಆ ಒಂದು ಪ್ರಶ್ನಿ ಇಡೀ ಟ್ರಿಪ್ಪಿನ ದಿಕ್ಕು ಬದಲು ಮಾಡ್ತು ನೋಡ್ರಿ, ಅಲ್ಲಿಂದ ಮುಂದ ಎಲ್ಲಿ ಹೋದ್ರೂ ನಾನು ಮೊದಲು ನೋಡಿದ್ದು ಅಲ್ಲಿ ನೀರು ಎಲ್ಲಿಂದ ಬರ್ತೈತಿ, ಯಾರು ಅದನ್ನ ಹೆಂಗ ಕಾಯ್ಕೊಂಡಾರ ಅಂತ.

ಫೀನಿಕ್ಸಿನಾಗ ವರ್ಷಕ್ಕ ಬೀಳೋ ಮಳಿ ಸುಮಾರು 180 ಮಿಲಿಮೀಟರ್. ನಾವು ಬಾಗಲಕೋಟ್ಯಾಗ ಬರಗಾಲ ಬರಗಾಲ ಅಂತೀವಲ್ಲ, ನಮ್ಮಲ್ಲಿ ಸಾಧಾರಣ ವರ್ಷದಾಗ ಅದರ ಎರಡು ಪಟ್ಟಿಗಿಂತ ಹೆಚ್ಚು ಬೀಳ್ತೈತಿ. ಆದ್ರೂ ಅಣ್ಣನ ಮನಿಯಿಂದ ಸ್ವಲ್ಪ ದೂರ ನಡದ್ರ ಕಾಲುವಿ, ತುಂಬಿ ಹರಿಯೋ ಕಾಲುವಿ, ದಂಡಿ ಮ್ಯಾಲ ಜನ ವಾಕಿಂಗ್ ಮಾಡ್ತಾರ. ಬಸ್ಯಾನ ಮುಂದಿನ ಫೋಟೋ ಅಲ್ಲೇ. ಆ ಊರಿನ ಕಾಲುವಿ ಕಥಿ ಬಾಳ ಹಳೇದು, ಹೊಹೊಕಮ್ ಅನ್ನೋ ಜನ ಸಾವಿರ ವರ್ಷಕ್ಕೂ ಹಿಂದ ಸಾಲ್ಟ್ ನದಿಯಿಂದ ಕೈಲೇ ಕಾಲುವಿ ತೋಡಿ ಗೋವಿನಜೋಳ, ಅವರಿ, ಹತ್ತಿ ಬೆಳೀತಿದ್ರು, ನೂರಾರು ಮೈಲಿ ಕಾಲುವಿ, ಗುದ್ದಲಿ ಇಲ್ಲ ಎತ್ತಿಲ್ಲ, ಕಲ್ಲಿನ ಕಟಿಗಿ ಹತಾರದಾಗ. ಸುಮಾರು 1450ರ ಹೊತ್ತಿಗೆ ಅವರು ಆ ಊರು ಬಿಟ್ರು. 1860ರ ದಶಕದಾಗ ಹೊಸಬರು ಬಂದು ಅದೇ ಹಳೇ ಕಾಲುವಿ ಜಾಡಿನ್ಯಾಗ ಮತ್ತ ನೀರು ಹರಿಸಿದ್ರು, ಹಳೇ ನಾಗರಿಕತೆಯ ಬೂದಿಯಿಂದ ಎದ್ದ ಊರು ಅಂತ, ತನ್ನ ಬೂದಿಯಿಂದ ಮತ್ತ ಹುಟ್ಟೋ ಕಥಿಯ ಹಕ್ಕಿ ಫೀನಿಕ್ಸಿನ ಹೆಸರು ಇಟ್ರು. ಕಾಲುವ್ಯಾಗ ಕಸಾ ಬೆಳೀಬಾರ್ದು ಅಂತ ಹುಲ್ಲು ತಿನ್ನೋ ಮೀನಾ ಸಾಕ್ಯಾರ ಅಂತ ಅಣ್ಣ ಹೇಳಿದ್ದಕ್ಕ ಗ್ರೂಪಿನ ಹುಡುಗ್ರು ಒಂದು ದಿನ ಪೂರಾ ಮೀನಾದ್ದೇ ಮಾತಾಡಿದ್ರು. ನಮ್ಮ ಕಾಲುವ್ಯಾಗೂ ಬಿಡಬೇಕು ಅನ್ನೋ ತೀರ್ಮಾನ ಆತು.

ಈಗ ಅಲ್ಲಿನ ವಸಂತದ ಬಗ್ಗೆ ಹೇಳ್ಬೇಕು. ಮರಭೂಮಿ ಅಂದ್ರ ಮರಳು, ಒಂಟಿ, ಬಿಸಲು ಅಂತ ನನ್ನ ತಲ್ಯಾಗೂ ಇತ್ತು, ರಾಜಸ್ಥಾನದ ಫೋಟೋ ನೋಡಿ ನೋಡಿ. ಸೊನೋರನ್ ಮರಭೂಮಿ ಹಂಗಿಲ್ಲ, ಅದು ಹಸರು. ಅಲ್ಲಿಗೆ ವರ್ಷಕ್ಕ ಎರಡು ಸಲ ಮಳಿ, ಚಳಿಗಾಲದಾಗ ಸಣ್ಣಗ ಜಿನುಗೋ ಮಳಿ ಒಂದು, ಬ್ಯಾಸಿಗಿ ಮಧ್ಯದಾಗ ಗುಡುಗು ಸಿಡ್ಲಿನ ಮಳಿ ಒಂದು, ಅದಕ್ಕ ಅವರೂ ಮಾನ್ಸೂನ್ ಅಂತಾರ. ಚಳಿಗಾಲದ ಮಳಿ ಛಲೋ ಆದ್ರ ಮಾರ್ಚಿನಾಗ ಗುಡ್ಡದ ಇಳಿಜಾರು ಪೂರ್ತಿ ಕಿತ್ತಳಿ ಬಣ್ಣದ ಗಸಗಸಿ ಹೂ, ನೀಲಿ ಲೂಪಿನ್. ಏಪ್ರಿಲ್ ಹೊತ್ತಿಗೆ ಪಾಲೋ ವರ್ಡೆ ಅನ್ನೋ ಗಿಡ ಹಳದಿ ಆಗಿ ರಸ್ತೆ ಮ್ಯಾಲೆಲ್ಲಾ ಹೂ ಚೆಲ್ಲಿರ್ತೈತಿ. ಈ ಗಿಡದ ತೊಗಟಿನ ಹಸರು. ಎಲಿ ಇದ್ರ ನೀರು ಆವಿ ಆಗಿ ಹೋಗ್ತೈತಿ ಅಂತ ಬರಗಾಲದಾಗ ಎಲಿ ಉದುರಿಸಿ ಬಿಡ್ತೈತಿ, ಆಮ್ಯಾಲ ತೊಗಟಿಲೇ ಅಡಗಿ ಮಾಡ್ಕೋತೈತಿ. ಗಿಡದ ಬುಡಕ್ಕ ಬಿದ್ದ ಹೂವಿನ ಮ್ಯಾಲ ಬಸ್ಯಾನ್ನ ನಿಲ್ಸಿ ಫೋಟೋ ತಗದೆ, ಅವ್ವ ಅದನ್ನ ನೋಡಿ "ಎತ್ತಿಗೆ ಭಂಡಾರ ಹಾರ್ಸ್ಯಾರೇನ" ಅಂತ ಕೇಳಿದ್ಲು.

ಟೂಸಾನ್ ಊರಿಗೆ ಹೋದಾಗ ಸಗ್ವಾರೋ ನ್ಯಾಷನಲ್ ಪಾರ್ಕ್. ಸಗ್ವಾರೋ ಅಂದ್ರ ಆ ಎತ್ತರದ ಕಂಬದಂಥಾ ಕಳ್ಳಿ, ಕೈ ಮ್ಯಾಲೆತ್ತಿ ನಿಂತಿರ್ತಾವಲ್ಲ ಅವು. ನಾನು ಅಲ್ಲಿ ಅರ್ಧ ದಿನಾ ಇದ್ದು ಬರೋಣ ಅಂದಿದ್ದೆ, ಅಲ್ಲಿಂದ ಕಾಲು ಕೀಳಾಕ ಆಗ್ಲಿಲ್ಲ ಖರೇನ. ಬೇರು ಆಳಕ್ಕ ಹೋಗಂಗಿಲ್ಲ, ಕೆಲವು ಇಂಚಿನ ಆಳದಾಗೇ ಸುತ್ತಲೂ ಬಾಳ ದೂರ ಹಬ್ಬಿರ್ತಾವ, ಒಂದು ಸಣ್ಣ ಮಳಿ ಬಿದ್ರೂ ಮ್ಯಾಲಿನ ನೀರು ಪೂರಾ ಹೀರಾಕ. ಮೈಮ್ಯಾಲ ಉದ್ದಕ್ಕ ನಿರಿಗಿ, ನೀರು ಕುಡದಂಗ ಆ ನಿರಿಗಿ ಹಾರ್ಮೋನಿಯಂ ಭಾತಿ ಹಂಗ ಬಿಚ್ಕೊಂಡು ಮೈ ಉಬ್ತೈತಿ, ಬರಗಾಲದಾಗ ಮಡಚ್ಕೊಂಡು ತೆಳ್ಳಗ ಆಗ್ತೈತಿ. ಬಾಳ ಮಂದಿ ಅದು ಮರಭೂಮಿ ಗಿಡ ಅಂದ್ರ ಬಿರಸು ಇರ್ಬೇಕು ಅಂತ ತಿಳ್ಕೋತಾರ, ಆದ್ರ ಮರಿ ಇದ್ದಾಗ ಅದು ಬಾಳ ನಾಜೂಕು, ಪಾಲೋ ವರ್ಡೆ ಇಲ್ಲಾ ಮೆಸ್ಕೀಟ್ ಗಿಡದ ನೆರಳಿನ ತಳಗ ಹುಟ್ಟಿದ್ರಷ್ಟೇ ಬದುಕಾಕ ಛಾನ್ಸು. ಬೆಳಿಯೂದಂತೂ ಕೇಳಬ್ಯಾಡ್ರಿ, ಮೊದಲ ಎಂಟ್ಹತ್ತು ವರ್ಷಕ್ಕ ಒಂದೂವರೆ ಇಂಚು. ಮೊದಲ ಕೈ ಒಡಿಯಾಕ ಸಾಮಾನ್ಯವಾಗಿ 50ರಿಂದ 75 ವರ್ಷ, ಕೆಲವು ಕಡೆ 100. ಆಯುಷ್ಯ 150ರಿಂದ 200 ವರ್ಷ, ಎತ್ತರ 12 ಮೀಟರ್ ದಾಟ್ತೈತಿ.

ಅಕ್ಕನ ಮಗಳು, ದೊಡ್ಡಾಕಿ, ಆಕಿಗೆ ಈಗ ಹತ್ತು ವರ್ಷ. ಪಾಲೋ ವರ್ಡೆ ತಳಗ ಒಂದು ಹೆಬ್ಬಟ್ಟಿನಷ್ಟು ಸಗ್ವಾರೋ ಮರಿ ರೇಂಜರ್ ತೋರ್ಸಿದ್ಲು, ಬಾಜೂಕ ಬಸ್ಯಾನ್ನ ನಿಲ್ಸಿ "ಇದು ನಿನ್ನ ವಾರಗಿದು" ಅಂತ ಬರದು ಕಳಿಸಿದೆ. ಆಕಿ ಅದನ್ನ ಪ್ರಿಂಟ್ ಹಾಕ್ಸಿ ತನ್ನ ಟೇಬಲ್ ಮ್ಯಾಲ ಹಚ್ಚ್ಯಾಳ.

ಸಗ್ವಾರೋ ಮೈಯಾಗ ತೂತು ಇರ್ತಾವ, ಹೀಲಾ ಅನ್ನೋ ಮರಕುಟಿಗ ಕೊರದದ್ದು. ಗಿಡ ಆ ಗಾಯದ ಒಳಗ ಗಟ್ಟಿ ಪದರ ಕಟ್ಟಿ ನೀರು ಸೋರದಂಗ ಮಾಡ್ಕೋತೈತಿ, ಮರಕುಟಿಗ ಬಿಟ್ಟು ಹೋದ ಮ್ಯಾಲ ಅದ್ರಾಗ ಎಲ್ಫ್ ಅನ್ನೋ ಗುಬ್ಬಿಗಾತ್ರದ ಗೂಗಿ ಬಂದು ಸಂಸಾರ ಹೂಡ್ತೈತಿ. ತೊಹೊನೊ ಓದಮ್ ಅಂತ ಅಲ್ಲಿನ ಮೂಲ ಜನ, ಅವರಿಗೆ ಸಗ್ವಾರೋ ಗಿಡ ಅಲ್ಲ, ಮನಷ್ಯಾರು, ಹಿರ್ಯಾರು. ಅದಕ್ಕ ಕಲ್ಲು ಒಗಿಯೂದು, ಅದರ ಮ್ಯಾಲ ಹೆಸರು ಕೆತ್ತೂದು ಅಂದ್ರ ಅವರಿಗೆ ತಮ್ಮವರ ಮೈಮ್ಯಾಲ ಮಾಡಿದಷ್ಟು ನೋವು. ಇದನ್ನ ಕೇಳಿದ ಮ್ಯಾಲ ನಾನು ಬಸ್ಯಾನ್ನ ಯಾವ ಸಗ್ವಾರೋ ಮ್ಯಾಲೂ ಇಡಲಿಲ್ಲ, ಮುಂದ ನೆಲದ ಮ್ಯಾಲ ಇಟ್ಟೇ ಫೋಟೋ ತಗದೆ, ದೊಡ್ಡವರ ಮುಂದ ನಿಂತಂಗ ನಿಂತಿದ್ದ ಅಂವಾ. ಆ ಫೋಟೋಗಳೇ ಎಲ್ಲಕ್ಕಿಂತ ಛಂದ ಬಂದಾವ.

ಇನ್ನ ಮೆಸ್ಕೀಟ್. ಆ ಗಿಡ ನೋಡಿದ ಕೂಡ್ಲೇ ನಾನು "ಇದು ಬಳ್ಳಾರಿ ಜಾಲಿ" ಅಂತ ಚೀರಿದೆ, ವೈನಿ ಗಾಬ್ರಿ ಆದ್ರು. ಅದೇ ಮುಳ್ಳು, ಅದೇ ಸಣ್ಣ ಎಲಿ, ಅದೇ ಕಾಯಿ. ನಮ್ಮ ಹೊಲದ ಬದು, ಕೆರಿ ಅಂಗಳ ಎಲ್ಲಾ ತಿಂದು ಕುಂತ ಬಳ್ಳಾರಿ ಜಾಲಿ ಅಮೆರಿಕಾ ಖಂಡದಿಂದ ಬಂದದ್ದು, ಅರಿಜೋನಾದ ಮೆಸ್ಕೀಟ್ ಅದರ ದಾಯಾದಿ. ನಮಗ ಅದು ವೈರಿ, ಅಲ್ಲಿ ಅದು ಅನ್ನ ಕೊಡೋ ಗಿಡ, ಒಣಗಿದ ಕಾಯಿ ಬೀಸಿ ಸಿಹಿ ಹಿಟ್ಟು ಮಾಡ್ತಾರ, ಸಾವಿರಾರು ವರ್ಷದಿಂದ ಮಾಡಕೋಂತ ಬಂದಾರ. ವೈನಿ ಆ ಹಿಟ್ಟಿನ್ಯಾಗ ಸ್ವಲ್ಪ ಜ್ವಾಳದ ಹಿಟ್ಟು ಕಲಿಸಿ ದ್ವಾಸಿ ಹಾಕಿದ್ರು, ಬೆಲ್ಲದ ವಾಸ್ನಿ ಬರ್ತಿತ್ತು. ಟೂಸಾನ್ ಹತ್ರ ಒಂದು ಗಣಿ ಅಗಿಯೂವಾಗ ಮೆಸ್ಕೀಟ್ ಬೇರು 53 ಮೀಟರ್ ಆಳದಾಗ ಸಿಕ್ಕಿತ್ತಂತ ದಾಖಲಿ ಐತಿ, ನಮ್ಮ ಎಷ್ಟೋ ಬೋರ್‌ವೆಲ್ ಶುರುವಾತಿನ ಆಳ ಅದು. ಪಾಪಾಸುಕಳ್ಳಿನೂ ಅಲ್ಲಿದ್ದೇ, ಕತ್ತಾಳಿನೂ ಅಲ್ಲಿದ್ದೇ, ನಮ್ಮ ಹೊಲದ ಬೇಲಿ ಪೂರಾ ಅಲ್ಲಿ ಗುಡ್ಡದಾಗ ನಿಂತು ಹೂ ಬಿಟ್ಟಿತ್ತು. ಪಾಪಾಸುಕಳ್ಳಿ ಹಳದಿ ಹೂವಿನ ಮುಂದ ನಿಂತ ಬಸ್ಯಾನ್ನ ನೋಡಿ ನಮ್ಮಪ್ಪ "ಇದು ಕೆರೂರು ರಸ್ತೆದಾಗ ತಗದದ್ದು, ಸುಳ್ಳು ಹೇಳ್ತೀರಿ" ಅಂದಿದ್ದ.

ಚೋಯಾ ಅನ್ನೋ ಕಳ್ಳಿ ಬಗ್ಗೆ ಒಂದೇ ಮಾತು: ಅದ್ರ ಹಂತೇಕ ಹೋಗಬ್ಯಾಡ್ರಿ. ಸ್ವಲ್ಪ ತಾಕಿದ್ರೂ ತುಂಡು ಮುರಕೊಂಡು ಮೈಗೆ ಅಂಟ್ಕೋತೈತಿ, ಕೈಲೆ ಕೀಳಾಕ ಬರಂಗಿಲ್ಲ, ಅಣ್ಣನ ಬ್ಯಾಗಿನ್ಯಾಗ ಅದಕ್ಕಂತ ಯಾವಾಗ್ಲೂ ಒಂದು ಹಣಗಿ ಇರ್ತೈತಿ.

ಸಣ್ಣಾಂವನ ನೀರಿನ ಪ್ರಶ್ನಿಗೆ ಪ್ರಾಣಿಗಳ ಉತ್ತರಾನೂ ಸಿಕ್ತು. ಅಲ್ಲಿ ಒಂದು ಜಾತಿ ಇಲಿ, ಕಾಂಗರೂ ಇಲಿ ಅಂತಾರ, ಅದು ಜೀವಮಾನದಾಗ ನೀರು ಕುಡೀದೇ ಇರಬಲ್ಲದು, ಒಣಾ ಬೀಜ ತಿಂತೈತಿ, ಅದನ್ನ ಕರಗಿಸೋವಾಗ ಮೈಯೊಳಗ ಹುಟ್ಟೋ ನೀರೇ ಸಾಕು. ಮರಭೂಮಿ ಆಮಿ ಮಳಿ ಬಂದಾಗ ಹೊಟ್ಟಿ ತುಂಬ ಕುಡದು ಮೂತ್ರಚೀಲದಾಗ ನೀರು ಕೂಡಿಟ್ಕೋತೈತಿ, ತಿಂಗಳುಗಟ್ಟಲೆ ಅದ್ರಾಗೇ ಬಾಳ್ವಿ. ಅದನ್ನ ಯಾರರ ಎತ್ತಿ ಹಿಡದ್ರ ಹೆದರಿ ಆ ನೀರು ಚೆಲ್ಲಿ ಬಿಡ್ತೈತಿ, ಮುಂದಿನ ಮಳಿತನ ಬದುಕೂದು ಕಷ್ಟ ಆಗ್ತೈತಿ. ಅದಕ್ಕ ಆಮಿ ಕಂಡ್ರ ಮುಟ್ಟಬ್ಯಾಡ್ರಿ ಅಂತಾರ. ನಮಗ ದಾರ್ಯಾಗ ಒಂದು ಕಂಡಿತ್ತು, ದೂರ ನಿಂತು ನೋಡಿದ್ವಿ, ಬಸ್ಯಾನ್ನ ಕಿಸೆದಿಂದ ಹೊರಗ ತಗೀಲಿಲ್ಲ.

ಏಪ್ರಿಲ್ ನಡುವ ಉತ್ತರಕ್ಕ ಪೇಜ್ ಅನ್ನೋ ಊರಿಗೆ ಹೊಂಟ್ವಿ. ದಾರ್ಯಾಗ ಫೋನಿನ ಗಡಿಯಾರ ಒಂದು ತಾಸು ಮುಂದ ಹೋಗೂದು, ಮತ್ತ ಹಿಂದ ಬರೂದು, ಯಾಕಂದ್ರ ಅಮೆರಿಕಾದಾಗ ಮಾರ್ಚಿನಾಗ ಗಡಿಯಾರ ಒಂದು ತಾಸು ಮುಂದ ಮಾಡ್ತಾರ, ಅರಿಜೋನಾ ರಾಜ್ಯ ಮಾಡಂಗಿಲ್ಲ, ಅದರೊಳಗಿನ ನವಾಹೊ ಜನರ ಪ್ರದೇಶ ಮಾಡ್ತೈತಿ. ಆಂಟಿಲೋಪ್ ಕ್ಯಾನ್ಯನ್ ನವಾಹೊ ಜನರ ನೆಲದಾಗ ಐತಿ, ಅವರ ಗೈಡ್ ಇಲ್ದ ಒಳಗ ಬಿಡಂಗಿಲ್ಲ, ಅದು ಛಲೋನೇ. ಕೆಂಪು ಮರಳುಗಲ್ಲು, ಬಾದಾಮಿ ಬಂಡಿ ಬಣ್ಣ, ಆದ್ರ ಮನಷ್ಯಾ ಅಡ್ಡ ತಿರುಗಿ ನಡಿಯೋವಷ್ಟು ಇಕ್ಕಟ್ಟಿನ ಓಣಿ, ಗ್ವಾಡಿ ಎಲ್ಲಾ ನುಣುಪು ತಿರುವು, ಮ್ಯಾಲಿಂದ ಬಿಸಲು ಕೋಲು ಕೋಲಾಗಿ ಬೀಳ್ತೈತಿ. ಇಷ್ಟನ್ನೂ ಕೊರದದ್ದು ನೀರು. ಎಲ್ಲೋ ದೂರ ಮಳಿ ಆದ್ರ ಇಲ್ಲಿ ಆಕಾಶ ನೀಲಿ ಇದ್ದಾಗೂ ಒಮ್ಮಿಂದೊಮ್ಮೆ ಹೊಳಿ ನುಗ್ಗಿ ಬರ್ತೈತಿ, 1997ರ ಆಗಸ್ಟಿನಾಗ ಹಂಗ ಬಂದ ನೀರಿಗೆ 11 ಮಂದಿ ಪ್ರವಾಸಿಗರು ಸತ್ರು. ಇಷ್ಟು ಶಕ್ತಿ ಇರೋ ನೀರು ಆ ನೆಲದ ಮನಿಗಳಿಗೆ ಇನ್ನೂ ಪೂರ್ತಿ ಮುಟ್ಟಿಲ್ಲ. ನವಾಹೊ ಪ್ರದೇಶದ ಎಷ್ಟೋ ಮನಿಗಳಿಗೆ ನಳ ಇಲ್ಲ, ಪಿಕಪ್ ಗಾಡಿ ಮ್ಯಾಲ ಟಾಕಿ ಇಟ್ಕೊಂಡು ದೂರದಿಂದ ನೀರು ತರ್ತಾರ, ರಸ್ತೆದಾಗ ಅಂಥಾ ಗಾಡಿ ನಾನೇ ನೋಡಿದೆ. ಜಗತ್ತಿನ ಶ್ರೀಮಂತ ದೇಶದಾಗ ಇದು ನೋಡಿ ಹೊಟ್ಟ್ಯಾಗ ಸಂಕಟ ಆತು. ಗ್ರೂಪಿಗೆ ಹಾಕಿದೆ, ಅಕ್ಕ ಒಬ್ಬಾಕೀನೇ ಉತ್ತರ ಕೊಟ್ಲು, "ನಮ್ಮವ್ವ ಹೊತ್ತ ಕೊಡಗಳ ನೆನಪಾತು" ಅಂತ.

ಪೇಜ್ ಊರಿನ ಬಾಜೂಕೇ ಗ್ಲೆನ್ ಕ್ಯಾನ್ಯನ್ ಡ್ಯಾಮ್, ಕೊಲರಾಡೊ ನದಿಗೆ ಅಡ್ಡ, 216 ಮೀಟರ್ ಎತ್ತರ. 1963ರಾಗ ಗೇಟ್ ಹಾಕಿದ್ರು, ಹಿಂದಿನ ಲೇಕ್ ಪೊವೆಲ್ ತುಂಬಾಕ 17 ವರ್ಷ ಬೇಕಾತು, 1980ಕ್ಕ ತುಂಬ್ತು. ಆ ನೀರಿನ ತಳಗ ನೂರಾರು ಸಣ್ಣ ಕಣಿವಿ, ಹಳೇ ಜನ ಕಟ್ಟಿದ್ದ ಕಲ್ಲಿನ ಮನಿ, ಬಂಡಿ ಮ್ಯಾಲಿನ ಚಿತ್ರ ಮುಣುಗ್ಯಾವ. ಡ್ಯಾಮಿನ ಮ್ಯಾಲ ನಿಂತಾಗ ನನಗ ಮಾತು ಹೊರಡಲಿಲ್ಲ. ನಾನು ಹಳೇ ಬಾಗಲಕೋಟಿ ಹುಡುಗಿ, ಆಲಮಟ್ಟಿ ಹಿನ್ನೀರು ಘಟಪ್ರಭಾ ಗುಂಟ ಬಂದು ನಮ್ಮಜ್ಜನ ಮನಿ ಇದ್ದ ಓಣಿ ನುಂಗಿದ್ದು, ನವನಗರಕ್ಕ ಬಂದು ಸೆಕ್ಟರ್ ನಂಬರ್ ಮನಿ ವಿಳಾಸ ಆಗಿದ್ದು, ಇದೆಲ್ಲಾ ನಮ್ಮ ಮನ್ಯಾಗ ದಿನಾ ಮಾತಾಡೋ ವಿಷಯ. ನಮ್ಮ ಕಡೆ ಸಣ್ಣ ಹುಡುಗ್ರಿಗೂ 519, 524 ಅಂದ್ರ ಆಲಮಟ್ಟಿ ಡ್ಯಾಮಿನ ಮಟ್ಟ, ಮೀಟರ್ ಲೆಕ್ಕ, ಅಂತ ಗೊತ್ತು. ಪೇಜ್ ಊರಿನ ಜನಕ್ಕ ಅಂಥಾ ನಂಬರ್ 3,700, ಅದು ಕೆರಿ ತುಂಬಿದಾಗಿನ ಮಟ್ಟ, ಅಡಿ ಲೆಕ್ಕ. ಈಗ ಕೆರಿ ಬಾಳ ತಗ್ಗ್ಯಾಗ ಐತಿ, ಕೆಂಪು ಬಂಡಿ ಮ್ಯಾಲ ನೀರು ಇಳದ ಬಿಳಿ ಪಟ್ಟಿ ಹತ್ತಾರು ಮೀಟರ್ ಎತ್ತರಕ್ಕ ಕಾಣ್ತೈತಿ, ಮುಣುಗಿದ್ದ ಕೆಲವು ಕಣಿವಿ ಮತ್ತ ಮ್ಯಾಲ ಬಂದಾವ, ಅವುಗಳಾಗ ಗಿಡ ಚಿಗತಾವ. ಅದನ್ನ ಕೇಳಿ ನನಗ ಅಜ್ಜನ ಮನಿ ಕಟ್ಟಿ ನೆನಪಾತು, ಬ್ಯಾಸಿಗ್ಯಾಗ ಹಿನ್ನೀರು ಇಳದಾಗ ನಾವೂ ಹಳೇ ಊರಿನ ಜಾಗ ನೋಡಾಕ ಹೋಗ್ತೀವಲ್ಲ.

ಕೊಲರಾಡೊ ನೀರನ್ನ ಏಳು ರಾಜ್ಯ 1922ರಾಗ ಹಂಚ್ಕೊಂಡ್ರು, ನದಿಯಾಗ ಇರೋದಕ್ಕಿಂತ ಹೆಚ್ಚು ನೀರು ಐತಿ ಅಂತ ಲೆಕ್ಕ ಹಾಕಿ. ಆ ಹಂಚಿಕ್ಯಾಗ ಮೂಲ ಜನರನ್ನ ಕರದು ಕೇಳಿರ್ಲಿಲ್ಲ. ಜಗಳ ಇವತ್ತಿಗೂ ನಡದೈತಿ. ಅರಿಜೋನಾ ತನ್ನ ಪಾಲಿನ ನೀರು ಒಯ್ಯಾಕ 336 ಮೈಲಿ ಕಾಲುವಿ ಮಾಡೈತಿ, ಸುಮಾರು 880 ಮೀಟರ್ ಮ್ಯಾಲಕ್ಕ ಪಂಪಿಲೆ ಎತ್ತಿ ಫೀನಿಕ್ಸ್ ದಾಟಿ ಟೂಸಾನ್ ತನ ಒಯ್ತಾರ. ನದಿ ಮಾತ್ರ ಈಗ ಸಮುದ್ರ ಮುಟ್ಟೂದು ಅಪರೂಪ. ಕೃಷ್ಣಾ ಕಥಿ ಗೊತ್ತಿರೋ ನಮಗ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಡ್ಯಾಮಿನ ಕಟ್ಟಿ ಮ್ಯಾಲ ಬಸ್ಯಾ ನಿಂತ ಫೋಟೋಕ್ಕ ನಮ್ಮಪ್ಪ ಬರೀ ಎರಡು ಕೈ ಮುಗಿಯೋ ಚಿತ್ರ ಹಾಕಿದ.

ಗ್ರ್ಯಾಂಡ್ ಕ್ಯಾನ್ಯನ್ ಬಗ್ಗೆ ಎಲ್ಲಾರೂ ಬರದಾರ, ನಾನು ಒಂದು ಸಂಗತಿ ಅಷ್ಟೇ ಹೇಳ್ತೀನಿ. 446 ಕಿಲೋಮೀಟರ್ ಉದ್ದ, ಸುಮಾರು 1.6 ಕಿಲೋಮೀಟರ್ ಆಳ, ತಳದಾಗ ಅಷ್ಟು ದೊಡ್ಡ ನದಿ. ಆದ್ರ ದಕ್ಷಿಣದ ದಂಡಿ ಮ್ಯಾಲ ನಾವು ಬಾಟ್ಲಿ ತುಂಬಿಕೊಂಡ ನೀರು ಆ ನದಿದಲ್ಲ, ಆಚಿ ದಂಡಿಯ ಕೆಳಗ ರೋರಿಂಗ್ ಸ್ಪ್ರಿಂಗ್ಸ್ ಅನ್ನೋ ಒರತಿಯಿಂದ ಪೈಪಿನಾಗ ಕಣಿವಿ ಇಳದು, ನದಿ ದಾಟಿ, ಮತ್ತ ಮ್ಯಾಲ ಏರಿ ಬಂದದ್ದು. ಏಪ್ರಿಲ್ಲಾದ್ರೂ ನೆರಳಿನಾಗ ಹಿಮ ಇತ್ತು, ಬಸ್ಯಾನ ಕಾಲು ತೊಯ್ದು ಖಣದ ಬಣ್ಣ ಸ್ವಲ್ಪ ಬಿಟ್ತು, ಅವ್ವಗ ಇನ್ನೂ ಹೇಳಿಲ್ಲ.

ಅಲ್ಲಿಂದ ನ್ಯೂ ಮೆಕ್ಸಿಕೋ, ವೈಟ್ ಸ್ಯಾಂಡ್ಸ್. 710 ಚದರ ಕಿಲೋಮೀಟರ್ ಬಿಳಿ ದಿಬ್ಬ, ಮರಳಲ್ಲ ಅದು, ಜಿಪ್ಸಮ್, ಚಾಕ್ ಪೀಸ್ ಮಾಡ್ತಾರಲ್ಲ ಅದೇ. ಸುತ್ತಲ ಗುಡ್ಡದಿಂದ ಕರಗಿ ಬರೋ ಜಿಪ್ಸಮ್ಮಿಗೆ ಹೊರಗ ಹೋಗಾಕ ನದಿ ಇಲ್ಲ, ಆ ಕಣಿವಿಗೆ ಬಾಗಿಲಿಲ್ಲ, ಹಿಂಗಾಗಿ ಕೆರ್ಯಾಗ ಒಣಗಿ ಹಳಕು ಆಗಿ ಗಾಳಿಗೆ ಪುಡಿ ಆಗಿ ದಿಬ್ಬ ಆಗೈತಿ. ಮಧ್ಯಾಹ್ನದಾಗೂ ಬರಿಗಾಲಿಲೇ ನಡೀಬಹುದು, ಕಾಲು ಸುಡಂಗಿಲ್ಲ. ವಸಂತ ಅಲ್ಲಿ ಗಾಳಿ ಕಾಲ, ಬಸ್ಯಾನ ಗೆಜ್ಜಿ ತಾನಾಗೇ ಬಾರಸ್ತಿತ್ತು. ನನಗ ಮೈ ಜುಂ ಅಂದದ್ದು ಏನಂದ್ರ, ಆ ದಿಬ್ಬಗಳ ಸಂದಿಯೊಳಗ ಸ್ವಲ್ಪೇ ಅಡಿ ತೋಡಿದ್ರ ನೀರು ಐತಿ, ಆ ತೇವಾನೇ ದಿಬ್ಬ ಹಾರಿ ಹೋಗದಂಗ ಹಿಡದು ನಿಲ್ಸೈತಿ. ಸಣ್ಣಾಂವಗ ಅಲ್ಲಿಂದಲೇ ಫೋನ್ ಮಾಡಿದೆ, ಇಲ್ಲಿ ನಡುರಾತ್ರಿ ದಾಟಿತ್ತು, ಅಕ್ಕ ಬೈದ್ಲು, ಅಂವಾ ಎದ್ದು ಕುಂತು ಕೇಳಿದ.

ಅಲ್ಲೇ ಹಳೇ ಕೆರಿ ತಳದಾಗ ಮನಷ್ಯಾರ ಹೆಜ್ಜಿ ಗುರುತು ಸಿಕ್ಕಾವ, ಕೆಲವು 21,000ದಿಂದ 23,000 ವರ್ಷ ಹಿಂದಿನವು. ಇನ್ನೊಂದು ಕಡೆ, ಹತ್ತು ಸಾವಿರ ವರ್ಷಕ್ಕೂ ಹಿಂದ, ಯಾರೋ ಒಬ್ಬರು ಕೂಸನ್ನ ಎತ್ಕೊಂಡು ಕೆಸರಿನಾಗ ಅವಸರದಿಂದ ನಡದು ಹೋಗ್ಯಾರ, ನಡುನಡುವ ಕೂಸನ್ನ ಕೆಳಗ ಇಳಿಸಿದಲ್ಲಿ ಸಣ್ಣ ಹೆಜ್ಜಿ ಮೂಡ್ಯಾವ, ಆಮ್ಯಾಲ ಒಂದು ದೈತ್ಯ ಸ್ಲಾತ್ ಪ್ರಾಣಿ ಆ ದಾರಿ ದಾಟೈತಿ. ಈ ಸಂಗತಿ ಹೇಳ್ದಾಗ ದೊಡ್ಡಾಕಿ ಕೇಳಿದ್ದು, "ಆ ಕೂಸಿಗೆ ನೀರಡಿಕಿ ಆಗಿತ್ತೇನೋ, ಅದಕ್ಕ ಓಡ್ತಿದ್ರು." ಆಗಿರಬಹುದು.

ಮೇ ಮೊದಲ ವಾರ ವಾಪಸ್ ಟೂಸಾನಿಗೆ ಹೋದ್ವಿ, ಸಗ್ವಾರೋ ಹೂ ಬಿಟ್ಟಿದ್ವು. ಬಿಳಿ ಹೂ, ಮೇಣದಷ್ಟು ದಪ್ಪ ಪಕಳಿ, ರಾತ್ರಿ ಅರಳಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಮುಚ್ಚಿ ಬಿಡ್ತಾವ, ಅಷ್ಟೇ ಹೊತ್ತು. ರಾತ್ರಿ ಮೆಕ್ಸಿಕೋದಿಂದ ಬರೋ ಉದ್ದ ಮೂಗಿನ ಬಾವಲಿ, ಹಗಲು ಜೇನುಹುಳ, ಬಿಳಿ ರೆಕ್ಕಿ ಪಾರಿವಾಳ ಪರಾಗ ಒಯ್ತಾವ. ಹೂ ನಿಂತು ಹಣ್ಣು ಆಗೂದು ಜೂನಿನಾಗ, ಆ ಮರಭೂಮಿ ಅತೀ ಒಣಗಿದ ತಿಂಗಳು ಅದು, ಆಗ ತೊಹೊನೊ ಓದಮ್ ಜನ ಒಣಗಿದ ಸಗ್ವಾರೋದ ಒಳಗಿನ ಕಟಿಗಿಯಿಂದ ಮಾಡಿದ ಉದ್ದ ಗಳದಾಗ ಹಣ್ಣು ಕೆಡವ್ತಾರ, ಅದರ ರಸದಿಂದ ಮಳಿ ಕರಿಯೋ ಆಚರಣಿ ಮಾಡ್ತಾರ. ಆ ತಿಂಗಳ ನಡುವ ಅಲ್ಲಿ ಮಾನ್ಸೂನ್ ಕಾಲ ಶುರು, ನಮ್ಮಲ್ಲಿ ಕಾರಹುಣ್ಣಿಮಿ ಎತ್ತು ಓಡಿಸೋ ಹೊತ್ತು.

ಅದಕ್ಕ ಬಸ್ಯಾನ್ನ ನಾನು ತರಲಿಲ್ಲ, ಅಣ್ಣನ ಹಂತೇಕ ಬಿಟ್ಟು ಬಂದೀನಿ. ಹಣ್ಣಿನ ಫೋಟೋ, ಮೊದಲ ಮಳಿ ಫೋಟೋ ಕಳಿಸಿದ ಮ್ಯಾಲ ಇಲ್ಲೇ ಹಾಕ್ತೀನಿ. ಈ ಸಲ ಅಮಾಸಿಗೆ ಹುಡುಗ್ರು ಮಣ್ಣೆತ್ತು ತಾವೇ ಮಾಡ್ತಾರಂತ, ಸಣ್ಣಾಂವ ಒಂದು ಮಣ್ಣಿನ ಆಮಿನೂ ಮಾಡ್ತಾನಂತ, ಅಣ್ಣಗ ಬ್ಯಾರೆ ಕೆಲಸ ಹಚ್ಚ್ಯಾನ, ಮಳಿ ಬಂದ ದಿನ ಆಮಿ ನೀರು ಕುಡಿಯೂದು ಎಲ್ಲಿರ ಕಂಡ್ರ ದೂರ ನಿಂತು ವಿಡಿಯೋ ಮಾಡಿ ಕಳಿಸ್ಬೇಕು, ಮುಟ್ಟಬಾರ್ದು, ಅಂತ.